ಹತ್ತರ ಲೆಕ್ಕ

ಹತ್ತೇ ಜನ, ಎಂದರು ಫೋನಿನಲ್ಲಿ ಪಾದ್ರಿ,
ತಪ್ಪು ತಮ್ಮದೇ ಎಂಬಂತೆ ದನಿ ತಗ್ಗಿಸಿ.
ಅಮ್ಮ ಕರೆಂಟ್ ಬಿಲ್ಲಿನ ಹಿಂದೆ ಹೆಸರು ಬರೆದಳು.
ಅಪ್ಪನ ಒಡಹುಟ್ಟಿದವರೇ ಏಳು,
ಅಜ್ಜಿ, ಅವಳು, ನಾನು.
ಪೆನ್ನು ಕಾಗದದ ಮೇಲೆ ಸ್ವಲ್ಪ ಹೊತ್ತು ನಿಂತಿತು.
ಊಟಕ್ಕಾದರೆ ಹತ್ತರ ಕೂಡ ಹನ್ನೊಂದು,
ಇನ್ನೊಂದು ತಟ್ಟೆ ಇಟ್ಟರಾಯಿತು.
ಮಣ್ಣಿಗೆ, ಆ ಜನವರಿಯಲ್ಲಿ, ಹಾಗಿರಲಿಲ್ಲ.

ಫಿಯಾಕ್ರಾಗೆ ಏಳು ವರ್ಷ.
ಚಿಕ್ಕವನು, ಮರೆತುಬಿಡುತ್ತಾನೆ, ಅಂದರು.

ಅವನ ಕಾವಲಿಗೆ ಬಂದವಳು ಪಕ್ಕದ ಮನೆಯ ನೋರೀನ್ ಮುದುಕಿ.
ಒಳಗೆ ಬರುವಂತಿಲ್ಲ;
ಅಂಗಳದಲ್ಲಿ ಕುರ್ಚಿ ಹಾಕಿ, ಗಂಡನ ಕೋಟು ಹೊದ್ದು,
ಕಿಟಕಿಯ ಗಾಜಿಗೆ ಇಸ್ಪೀಟಿನ ಎಲೆ ಒತ್ತಿ ಹಿಡಿದಳು.
ಒಳಗಿಂದ ಅವನು ತನ್ನದನ್ನು ಒತ್ತಿದ.
ನಾವು ಹೂಳಿ ಬರುವಷ್ಟರಲ್ಲಿ ಮೂರು ಆಟ ಗೆದ್ದಿದ್ದ.

ನಮ್ಮ ಎರಿಸ್‌ನಲ್ಲಿ ಮೊದಲು ಹೀಗಿರಲಿಲ್ಲ.
ಹೆಣ ಎರಡು ರಾತ್ರಿ ಮನೆಯಲ್ಲೇ ಇರುತ್ತಿತ್ತು.
ಗಡಿಯಾರ ನಿಲ್ಲಿಸಿ, ಕನ್ನಡಿ ಗೋಡೆಗೆ ತಿರುಗಿಸಿ,
ಚಹಾ, ಬ್ರೆಡ್ಡು, ಹಳೆಯ ಜಗಳಗಳ ನಗು;
ಮಕ್ಕಳು ಪೆಟ್ಟಿಗೆಯ ಕೆಳಗೆ ನುಸುಳಿ ಓಡುತ್ತಿದ್ದರು.
ಹಣೆ ಮುಟ್ಟಿ ಬನ್ನಿ, ಎನ್ನುತ್ತಿದ್ದಳು ಅಜ್ಜಿ,
ಮುಟ್ಟಿದವರ ಕನಸಿಗೆ ಸತ್ತವರು ಬರುವುದಿಲ್ಲ.

ಕ್ಯಾಸಲ್‌ಬಾರ್ ಆಸ್ಪತ್ರೆಯಿಂದ ಒಂದು ಚೀಲ ಬಂತು.
ಎಪ್ಪತ್ತೆರಡು ಗಂಟೆ ತೆರೆಯಬೇಡಿ, ಎಂದು ಚೀಟಿ.
ಉರುವಲಿನ ಶೆಡ್ಡಿನಲ್ಲಿಟ್ಟೆವು.
ಫಿಯಾಕ್ರಾ ಅಡುಗೆಮನೆಯ ಟೈಮರ್ ಹಿಡಿದು
ಅದರ ಎದುರು ಕೂತ; ಬೈದರೆ ಎದ್ದ, ಮತ್ತೆ ಹೋಗಿ ಕೂತ.
ನಾಲ್ಕನೆಯ ಬೆಳಗ್ಗೆ ತೆರೆದೆವು:
ಏಡಿ ಲಾರಿಯ ವಾಸನೆಯ ಬೂಟು,
ಉಬ್ಬರ ಇಳಿತದ ಪುಟ್ಟ ಪುಸ್ತಕ,
ಅರ್ಧ ತಿಂದ ಪೆಪ್ಪರ್‌ಮಿಂಟಿನ ಸುರುಳಿ.
ಎಲ್ಲವನ್ನೂ ನೆಲಕ್ಕೆ ಹರವಿ ಅವನು ಕೇಳಿದ:
ಮೂರು ದಿನ ಆಯಿತಲ್ಲ,
ಇನ್ನು ಅಪ್ಪನನ್ನೂ ತೆರೆಯಬಹುದಾ?

ಸಂಜೆಯ ವಾರ್ತೆಯಲ್ಲಿ ಸಂಖ್ಯೆ ಓದುತ್ತಿದ್ದರು.
ಇವತ್ತಿನದರಲ್ಲಿ ಅಪ್ಪ ಇದ್ದಾನಾ? ಅನ್ನುತ್ತಿದ್ದ.
ಟಿವಿ ಆರಿಸಿದೆವು.

ಲ್ಯಾಪ್‌ಟಾಪಿನ ಚೌಕದೊಳಗಿಂದ ಟೀಚರು ಕರೆದರು,
ಮೈಕ್ ಆನ್ ಮಾಡು ಪುಟ್ಟಾ.
ಈಸ್ಟರ್‌ವರೆಗೆ ಅವನು ಮಾಡಲಿಲ್ಲ.
ನನಗೆ ಹದಿನಾರು. ಗೆಳತಿಯರು ಕೆಂಪು ಹೃದಯ ಕಳಿಸಿದರು,
ಅದರ ಕೆಳಗೇ ಗಣಿತದ ಉತ್ತರ ಕೇಳಿದರು.
ತಪ್ಪೇನಿಲ್ಲ, ನಾನೂ ಕಳಿಸಿದೆ.
ಮನೆಯ ಗೋಡೆ ತೆಳು. ಷವರ್ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದೆ,
ಅಮ್ಮನೂ ಅದನ್ನೇ ಮಾಡುತ್ತಿದ್ದಳೆಂದು ಕಾಣುತ್ತದೆ,
ಆ ಚಳಿಗಾಲವಿಡೀ ಬಿಸಿನೀರು ಬೇಗ ತೀರುತ್ತಿತ್ತು.

ಮತ್ತೆ ಬಾಗಿಲುಗಳು ತೆರೆದವು, ಶಾಲೆ, ಪಬ್ಬು, ಬಸ್ಸು.
ಫಿಯಾಕ್ರಾ ಮಾತ್ರ ಯಾವ ಕೋಣೆಗೆ ಹೋದರೂ
ಹೊಸ್ತಿಲಲ್ಲಿ ನಿಂತು ತಲೆ ಎಣಿಸುತ್ತಿದ್ದ,
ತುಟಿ ಅಲ್ಲಾಡದಂತೆ.
ಹತ್ತಾದರೆ, ಶೂ ಲೇಸ್ ಬಿಚ್ಚಿದೆ ಎಂದು ಆಚೆ ಕೂರುತ್ತಿದ್ದ.
ನನಗೇ ತಿಳಿಯಲು ಎರಡು ವರ್ಷ ಬೇಕಾಯಿತು.

ಕಳೆದ ನವೆಂಬರಿನಲ್ಲಿ ನೋರೀನ್ ತೀರಿಕೊಂಡಳು,
ತನ್ನ ಮಂಚದಲ್ಲಿ, ತನ್ನ ಹೊತ್ತಿಗೆ.
ಮನೆ ತುಂಬ ಜನ, ಮಳೆಯಂಗಿಗಳ ರಾಶಿ, ಉಗಿಯುವ ಕೆಟಲ್.
ಅವನು ಬಾಗಿಲಲ್ಲಿ ನಿಂತ.
ನಲವತ್ತಮೂರು, ಎಂದ ನನ್ನ ಕಿವಿಯಲ್ಲಿ.
ಯಾರೋ ಸ್ಯಾಂಡ್‌ವಿಚ್ ತಟ್ಟೆ ಕೈಗಿಟ್ಟು
ಹೋಗು, ಒಳಗೆ ಹಂಚು, ಅಂದರು.
ತಟ್ಟೆ ಖಾಲಿಯಾದ ಮೇಲೆ ಪೆಟ್ಟಿಗೆಯ ಬಳಿ ಹೋದ,
ಇಸ್ಪೀಟು ಹಿಡಿದಿದ್ದ ಆ ಕೈಯನ್ನು
ಬಿಸಿ ಪಾತ್ರೆ ಮುಟ್ಟುವವನಂತೆ ಮುಟ್ಟಿ, ತೆಗೆದು,
ಮತ್ತೆ ಮುಟ್ಟಿದ.

ಮನೆಗೆ ಬರುವ ದಾರಿಯಲ್ಲಿ ಗಾಳಿ ಎದುರಿಗಿತ್ತು.
ಅಪ್ಪನೂ ಹೀಗೇ ತಣ್ಣಗಿದ್ದನಾ?
ಇಷ್ಟು ವರ್ಷ ಅಂದುಕೊಂಡಿದ್ದನಂತೆ,
ಆ ಹತ್ತು ಜನ ಅಪ್ಪನನ್ನು ನೋಡಿ ಬಂದಿದ್ದೇವೆಂದು.

ಪೆಟ್ಟಿಗೆ ಮುಚ್ಚಿಯೇ ಬಂದಿತ್ತು, ಎಂದೆ.
ನಾನು ಮುಟ್ಟಿದ್ದು ಮರ.
ಅದೂ ಕೈಗವಸು ಹಾಕಿಕೊಂಡು.

ಅವನು ಏನೂ ಅನ್ನದೆ ಸ್ವಲ್ಪ ದೂರ ನಡೆದ.
ಆಮೇಲೆ ತನ್ನ ಟಾರ್ಚನ್ನು
ನನ್ನ ಕಾಲ ಮುಂದಕ್ಕೆ ತಿರುಗಿಸಿದ.